ರಕ್ತದಲ್ಲಿಲ್ಲದ ಸುಣ್ಣ

ನಾನು ಮೂವತ್ತೊಂದು ವರ್ಷಗಳ ಕಾಲ ಮಾಧ್ಯಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಮಕ್ಕಳ ಮುಖವನ್ನು ನೋಡಿದ ಮಾತ್ರಕ್ಕೆ ಯಾರು ಪಾಠವನ್ನು ಕಲಿತು ಬಂದಿರುವರು, ಯಾರು ಹೊಟ್ಟೆನೋವಿನ ನೆವವನ್ನು ಹೂಡಲಿರುವರು ಎಂಬುದನ್ನು ಹೇಳಬಲ್ಲೆನೆಂಬ ಹೆಮ್ಮೆಯೊಂದು ನನಗಿದ್ದಿತು. ಆ ಹೆಮ್ಮೆ ನನ್ನ ಮನೆಯಲ್ಲಿಯೇ, ನನ್ನ ಮೊಮ್ಮಗನ ವಿಷಯದಲ್ಲಿಯೇ ಮುರಿದುಬಿದ್ದ ಸಂಗತಿಯನ್ನು ಈ ಪತ್ರಿಕೆಯನ್ನೋದುವ ಗೃಹಸ್ಥರ ಮುಂದಿಡಬೇಕೆಂದು ಬಹು ದಿನಗಳಿಂದ ಯೋಚಿಸುತ್ತಿದ್ದೆನು. ಹುಡುಗನ ಹೆಸರನ್ನು ಬರೆಯುವುದಿಲ್ಲ. ಅವನು ಈಗ ಹತ್ತನೆಯ ತರಗತಿಯನ್ನು ಮುಗಿಸಿದವನು. ಮನೆಗೆ ಬರುವ ಪತ್ರಿಕೆಗಳನ್ನು ನನಗಿಂತ ಮೊದಲು ಬಿಡಿಸಿ ನೋಡುವವನೂ ಅವನೇ.

2016ನೆಯ ಇಸವಿಯ ಮಳೆಗಾಲದಲ್ಲಿ ಅವನಿಗೆ ಆರು ವರ್ಷ ತುಂಬಿದ್ದಿತು. ಸಂಜೆ ದೀಪ ಹಚ್ಚಿದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಕಾಪಿ ಬರೆಯಿಸುವುದು ನಾನಾಗಿ ವಹಿಸಿಕೊಂಡಿದ್ದ ಕೆಲಸ. ಮೊದಲ ನಾಲ್ಕು ಸಾಲುಗಳನ್ನು ದುಂಡಾಗಿ ಬರೆಯುವನು. ಐದನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರಗಳು ಓಲಾಡುವುವು. ಆರನೆಯ ಸಾಲಿಗೆ ಸೀಸದಕಡ್ಡಿಯನ್ನು ಕೆಳಗಿಟ್ಟು, "ಕೈ ಹಿಡ್ಕೊಂಡ್ತು, ತಾತ" ಎನ್ನುವನು. ನೋಡಿದರೆ ಬೆರಳುಗಳನ್ನೆಲ್ಲ ನೆಟ್ಟಗೆ ಚಾಚಿ ಒಂದಕ್ಕೊಂದು ಒತ್ತಿಕೊಂಡು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಮಣಿಕಟ್ಟನ್ನು ಬಗ್ಗಿಸಿಕೊಂಡು ಕುಳಿತಿರುವನು. ಇಂತಹ ನೆವಗಳನ್ನು ನಾನೆಷ್ಟು ಕಂಡಿಲ್ಲ! "ಬಿಡಿಸೋ ಕೈಯನ್ನು" ಎಂದು ಗದರುವೆನು. ಬಿಡಿಸಲಾರನು. ಎರಡು ಬಾರಿ ಆ ಮಡಿಸಿದ ಕೈಯ ಮೇಲೆ ಅಡಿಪಟ್ಟಿಯಿಂದ ಹೊಡೆದೆನು. ಜೋರಾಗಿ ಹೊಡೆಯಲಿಲ್ಲವೆಂದು ಆಗ ನನ್ನ ಸೊಸೆಗೆ ಹೇಳಿದ್ದು ನೆನಪಿದೆ. ಹೊಡೆದದ್ದಂತೂ ನಿಜ.

ಬೇರೆ ಗುರುತುಗಳೂ ಇದ್ದುವು. ರಾತ್ರಿಯ ಹೊತ್ತು ಮೀನಖಂಡ ಸೆಟೆದುಕೊಂಡು ಅಳುವನು. ನನ್ನ ಮನೆಯಾಕೆ ಹರಳೆಣ್ಣೆಯನ್ನು ಬಿಸಿಮಾಡಿ ತಿಕ್ಕುವಳು. ತುಟಿಯ ಸುತ್ತಲೂ ಇರುವೆ ಹರಿದಂತಾಗುವುದೆಂದು ಹೇಳುವನು. ಬೆಲ್ಲ ತಿಂದು ಬಾಯಿ ತೊಳೆದಿಲ್ಲವೆಂದು ನಾವು ನಗುವೆವು. ಹೊಸದಾಗಿ ಹುಟ್ಟಿದ ಹಲ್ಲುಗಳ ಮೇಲೆ ಗುಳಿಗಳಿದ್ದುವು, ಉಗುರುಗಳು ಸೀಳುತ್ತಿದ್ದುವು, ಚರ್ಮ ಬೇಸಗೆಯಲ್ಲಿಯೂ ಒಣಗಿ ಬಿರಿಯುತ್ತಿದ್ದಿತು. ಇವೆಲ್ಲ ಒಂದೇ ಬೇರಿನ ಚಿಗುರುಗಳೆಂದು ಯಾರಿಗೆ ತಾನೆ ಹೊಳೆದೀತು?

2017ರ ಮಾರ್ಚಿ ತಿಂಗಳಲ್ಲಿ ಅವನಿಗೆ ಎರಡು ದಿನ ವಾಂತಿಭೇದಿಯಾಯಿತು. ಮೂರನೆಯ ದಿನ ಬೆಳಗಿನ ಜಾವ ಸೊಸೆ ಕೂಗಿಕೊಂಡದ್ದನ್ನು ಕೇಳಿ ಎದ್ದುಹೋದೆವು. ಮಗುವಿನ ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡಿದ್ದುವು, ಮೈಯೆಲ್ಲ ಸೆಳೆಯುತ್ತಿದ್ದಿತು, ಬಾಯಲ್ಲಿ ನೊರೆ. ಪಕ್ಕದ ಮನೆಯವರು ಓಡಿಬಂದು ಕಬ್ಬಿಣದ ಬೀಗದಕೈಗಳ ಗೊಂಚಲನ್ನು ಅವನ ಮುಷ್ಟಿಯೊಳಕ್ಕೆ ತುರುಕಿದರು. ಮತ್ತೊಬ್ಬರು ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿದರು. ಮೂರು ನಾಲ್ಕು ನಿಮಿಷಗಳಲ್ಲಿ ಸೆಳವು ತಾನಾಗಿಯೇ ನಿಂತಿತು. ಗೊಂಚಲಿಗೆ ಕೀರ್ತಿ ಬಂದಿತು.

ಅಲ್ಲಿಂದ ಮುಂದೆ ಎರಡೂವರೆ ವರ್ಷಗಳ ಕಾಲ ನಮ್ಮ ಮನೆ ನಡೆದ ರೀತಿಯನ್ನು ವಿಸ್ತರಿಸುವುದಿಲ್ಲ. ಮೂರ್ಛೆರೋಗವುಳ್ಳ ಮಗುವಿದ್ದ ಮನೆಯವರಿಗೆ ಅದು ಗೊತ್ತು. ಹತ್ತಿರದ ಪಟ್ಟಣದ ವೈದ್ಯರೊಬ್ಬರು ಅಪಸ್ಮಾರವೆಂದು ನಿಶ್ಚಯಿಸಿ ಫೆನಿಟಾಯಿನ್ ಎಂಬ ಔಷಧವನ್ನು ಬರೆದುಕೊಟ್ಟರು. ಸೆಳವು ನಿಲ್ಲಲಿಲ್ಲ, ಔಷಧದ ಪ್ರಮಾಣವನ್ನು ಏರಿಸಿದರು, ವಸಡುಗಳು ಊದಿಕೊಂಡುವೇ ಹೊರತು ಸೆಳವು ಕಡಮೆಯಾಗಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದುದು ಹದಿನೈದು ದಿನಗಳಿಗೊಮ್ಮೆ ಬರತೊಡಗಿತು. ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿರುವಿರಾ ಎಂದು ವೈದ್ಯರು ಸೊಸೆಯನ್ನು ಕೇಳಿದರು. ಕೊಡುತ್ತಿದ್ದಳು, ಗೋಡೆಯ ಪಂಚಾಂಗದ ಮೇಲೆ ಒಂದೊಂದು ಹೊತ್ತಿಗೂ ಗುರುತು ಹಾಕುತ್ತಿದ್ದಳು. ಹುಡುಗನು ಓದುತ್ತಿದ್ದ ಶಾಲೆಯವರು ಬಹು ವಿನಯದಿಂದ, ಕೊಂಚ ಗುಣವಾಗುವವರೆಗೆ ಮನೆಯಲ್ಲಿರಿಸಿಕೊಳ್ಳುವುದು ಲೇಸೆಂದು ಸೂಚಿಸಿದರು. ಅವನನ್ನು ಮನೆಯಲ್ಲಿರಿಸಿಕೊಂಡೆವು. ಹರಕೆಗಳನ್ನು ಹೊತ್ತೆವು; ಅಂತ್ರವನ್ನು ಕಟ್ಟಿಸಿದೆವು. ವಿಜ್ಞಾನವನ್ನು ಪಾಠ ಹೇಳಿದವನಾದ ನಾನು ಅಂತ್ರಕ್ಕೆ ಅಡ್ಡಿ ಹೇಳಲಿಲ್ಲ.

2018ರಲ್ಲಿ ಮಿದುಳಿನ ಸಿ.ಟಿ. ಸ್ಕ್ಯಾನನ್ನು ತೆಗೆಯಿಸಿದೆವು. ಆ ಕರಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನೂ ನೋಡಿದೆನು. ತಲೆಬುರುಡೆ ಬಿಳಿಯ ಬಳೆಯಂತೆ ಸುತ್ತಲೂ ಇದ್ದಿತು; ಒಳಗಡೆ ಮಿದುಳು ಬೂದಿಯ ಬಣ್ಣ. ನಟ್ಟನಡುವೆ, ಎಡಕ್ಕೊಂದು ಬಲಕ್ಕೊಂದು, ಬುರುಡೆಯ ಎಲುಬಿನಷ್ಟೇ ಬೆಳ್ಳಗಿದ್ದ ಎರಡು ಕಲೆಗಳು. ಮಿದುಳಿನೊಳಗೆ ಸುಣ್ಣ ಕಟ್ಟಿದೆಯೆಂದು ಹೇಳಿದರು. ಒಬ್ಬ ವೈದ್ಯರು ಇದು ಲಾಡಿಹುಳುವಿನ ಮರಿ ಸತ್ತು ಕಟ್ಟಿದ ಗಂಟಾಗಿರಬಹುದೆಂದರು. ನಮ್ಮ ಮನೆಯಲ್ಲಿ ಮಾಂಸಾಹಾರವಿಲ್ಲವೆಂದು ನನ್ನ ಮನೆಯಾಕೆ ನೊಂದುಕೊಂಡಳು. (ಆ ಹುಳುವಿನ ಮೊಟ್ಟೆ ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದಲೂ ಕೊಳಕು ನೀರಿನಿಂದಲೂ ಹೊಟ್ಟೆಗೆ ಸೇರುವುದಾದ್ದರಿಂದ ಶಾಕಾಹಾರಿಗಳಿಗೂ ಆ ರೋಗ ತಪ್ಪಿದ್ದಲ್ಲ. ಇದು ಬೇರೆ ಮಾತು.) ಮತ್ತೊಬ್ಬರು ಚಿತ್ರವನ್ನು ನೋಡಿ ಮುಖವನ್ನು ಗಂಭೀರಮಾಡಿಕೊಂಡು, 1930ರಲ್ಲಿ ಫಾರ್ ಎಂಬ ಜರ್ಮನ್ ವೈದ್ಯನು ಬರೆದಿಟ್ಟ ಕಾಯಿಲೆಯೊಂದುಂಟು, ಇದು ಅದೇ ಇರಬೇಕು, ವಂಶದಲ್ಲಿ ಬರುವಂತಹುದು, ಮದ್ದಿಲ್ಲ, ಬುದ್ಧಿಯೂ ನಡಿಗೆಯೂ ಕ್ರಮೇಣ ಕುಂದುತ್ತ ಹೋದೀತು ಎಂದು ಹೇಳಿದರು. ಅಂದಿನಿಂದ ನನ್ನ ಮಗ ಮನೆಯಲ್ಲಿ ಮಾತನಾಡುವುದನ್ನೇ ಕಡಮೆಮಾಡಿದನು.

ಈ ಇಬ್ಬರ ಮೇಲೆಯೂ ನನಗೆ ಕೋಪವಿಲ್ಲವೆಂದು ಬರೆದರೆ ಪೂರ್ತಿ ನಿಜವಾಗಲಾರದು. ಎಲ್ಲರೂ ಚಿತ್ರವನ್ನು ನೋಡಿದರು, ಸುಣ್ಣವನ್ನು ಕಂಡರು, ಆ ಸುಣ್ಣ ಅಲ್ಲಿಗೇಕೆ ಬಂದಿತೆಂದು ರಕ್ತವನ್ನು ಕೇಳಿದವರು ಒಬ್ಬರೂ ಇಲ್ಲ. ಸ್ಕ್ಯಾನಿಗೆ ನಾವು ಸಾವಿರಾರು ರೂಪಾಯಿಗಳನ್ನು ಕೊಟ್ಟಿದ್ದೆವು. ಕೇಳದೆ ಉಳಿದ ಆ ಪರೀಕ್ಷೆಗೆ ಹಿಡಿಯುತ್ತಿದ್ದುದು ಕೆಲವು ನೂರು ರೂಪಾಯಿಗಳು ಮಾತ್ರ. ಆದರೆ ವೈದ್ಯರಿಗೆ ಅವನ ಕೈಯನ್ನು ಕುರಿತು ಹೇಳಿದವರೂ ಒಬ್ಬರೂ ಇಲ್ಲ. ಸೆಳವನ್ನು ಹೇಳಿದೆವು, ಕಾಪಿಪುಸ್ತಕವನ್ನು ಹೇಳಲಿಲ್ಲ. ಅದು ರೋಗದ ಲೆಕ್ಕಕ್ಕೆ ಸೇರತಕ್ಕದ್ದೆಂದು ನನಗೆ ತಿಳಿದಿರಲಿಲ್ಲ.

2019ರ ನವೆಂಬರಿನಲ್ಲಿ ಸೊಸೆಯ ಹಟಕ್ಕೆ ಕಟ್ಟುಬಿದ್ದು ಬೆಂಗಳೂರಿಗೆ ಹೋದೆವು. ವೈದ್ಯವಿದ್ಯಾರ್ಥಿಗಳಿಗೆ ಪಾಠ ನಡೆಯುವ ದೊಡ್ಡ ಆಸ್ಪತ್ರೆ ಅದು. ಬೆಳಗ್ಗೆ ಏಳು ಗಂಟೆಗೆ ಸಾಲಿನಲ್ಲಿ ನಿಂತವರನ್ನು ಹನ್ನೆರಡೂವರೆಗೆ ಒಳಕ್ಕೆ ಕರೆದರು. ಅಲ್ಲಿ ಕುಳಿತಿದ್ದ ವೈದ್ಯೆ ನನ್ನ ಕಣ್ಣಿಗೆ ನಮ್ಮ ಶಾಲೆಯನ್ನು ಬಿಟ್ಟುಹೋದ ಹುಡುಗಿಯರಷ್ಟೇ ಚಿಕ್ಕವಳಾಗಿ ಕಂಡಳು. ನಾವು ತಂದಿದ್ದ ಕಾಗದಗಳ ಕಟ್ಟನ್ನು ಪಕ್ಕಕ್ಕಿಟ್ಟು, ಸ್ಕ್ಯಾನನ್ನು ಮಾತ್ರ ಹಿಡಿದು ನೋಡಿ, "ಮೇಷ್ಟರೇ, ಎರಡು ಕಡೆಯೂ ಕನ್ನಡಿ ಹಿಡಿದ ಹಾಗೆ ಒಂದೇ ಸಮನಾಗಿದೆ ನೋಡಿ. ಹುಳು ಹೀಗೆ ಲೆಕ್ಕ ಹಾಕಿ ಕೂತುಕೊಳ್ಳುವುದಿಲ್ಲ" ಎಂದಳು. ಬಳಿಕ ಹುಡುಗನನ್ನು ಹತ್ತಿರಕ್ಕೆ ಕರೆದು, ಅವನ ಕಿವಿಯ ಮುಂದುಗಡೆ ಕೆನ್ನೆಯ ಮೇಲೆ ಬೆರಳಿನಿಂದ ಮೆಲ್ಲನೆ ತಟ್ಟಿದಳು. ತಟ್ಟಿದಾಗಲೆಲ್ಲ ಅವನ ತುಟಿಯ ಅಂಚು ಮಿಡಿಯಿತು. ಸೊಸೆಯ ಕೆನ್ನೆಯನ್ನೂ ತಟ್ಟಿದಳು; ಅಲ್ಲಿಯೂ ಒಂದಿಷ್ಟು ಮಿಡಿಯಿತು! ಆರೋಗ್ಯವಾಗಿರುವವರಲ್ಲಿಯೂ ಕೆಲವರಿಗೆ ಹೀಗಾಗುವುದುಂಟಾದ್ದರಿಂದ ಇದೊಂದನ್ನೇ ನಂಬಲಾಗದೆಂದು ಹೇಳಿ, ರಕ್ತದೊತ್ತಡವನ್ನು ನೋಡುವ ಪಟ್ಟಿಯನ್ನು ಹುಡುಗನ ತೋಳಿಗೆ ಸುತ್ತಿ, ಗಾಳಿ ತುಂಬಿ, ಗಡಿಯಾರವನ್ನು ನೋಡುತ್ತ ಕುಳಿತಳು. ಮೂರು ನಿಮಿಷ ಹಾಗೆಯೇ ಇರಬೇಕಂತೆ.

ಎರಡು ನಿಮಿಷವಾಗಿರಬಹುದು. ಹುಡುಗನ ಮಣಿಕಟ್ಟು ಮೆಲ್ಲಮೆಲ್ಲನೆ ಒಳಕ್ಕೆ ಬಾಗಿತು. ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡುವು. ಹೆಬ್ಬೆರಳು ಅಂಗೈಯೊಳಕ್ಕೆ ಸರಿಯಿತು. "ಕೈ ಹಿಡ್ಕೊಂಡ್ತು" ಎಂದನು, ನನ್ನ ಕಡೆಗೆ ನೋಡದೆ.

ಮೂರು ವರ್ಷಗಳ ಹಿಂದೆ ದೀಪದ ಬೆಳಕಿನಲ್ಲಿ ನನ್ನೆದುರಿಗಿದ್ದ ಕೈ ಅದೇ. ವೈದ್ಯರ ಪುಸ್ತಕಗಳಲ್ಲಿ ಇದಕ್ಕೆ ಹೆರಿಗೆ ಮಾಡಿಸುವವರ ಕೈ ಎಂಬರ್ಥದ ಹೆಸರಿದೆಯೆಂದೂ, ಪಟ್ಟಿ ಕಟ್ಟಿ ನೋಡುವ ಈ ಕ್ರಮವನ್ನು ಫ್ರಾನ್ಸಿನ ಟ್ರೂಸೋ ಎಂಬ ವೈದ್ಯನು 1861ರಷ್ಟು ಹಿಂದೆಯೇ ತಿಳಿಸಿದ್ದನೆಂದೂ ಆಮೇಲೆ ತಿಳಿದುಕೊಂಡೆನು. ಆ ಹೊತ್ತಿಗೆ ನನಗೆ ಅಲ್ಲಿ ಕುಳಿತಿರುವುದೇ ಕಷ್ಟವಾಯಿತು. ನೀರು ಕುಡಿದು ಬರುವೆನೆಂದು ಹೊರಕ್ಕೆ ಬಂದುಬಿಟ್ಟೆನು.

ಸಂಜೆಗೆ ರಕ್ತದ ಲೆಕ್ಕ ಬಂದಿತು. ನೂರು ಮಿಲಿಲೀಟರ್ ರಕ್ತದಲ್ಲಿ ಎಂಟೂವರೆಯಿಂದ ಹತ್ತೂವರೆ ಮಿಲಿಗ್ರಾಂವರೆಗೆ ಇರಬೇಕಾದ ಕ್ಯಾಲ್ಸಿಯಂ, ಎಂದರೆ ಸುಣ್ಣದ ಸತ್ತ್ವ, ಅವನಲ್ಲಿ 5.4 ಇದ್ದಿತು. ರಂಜಕವು ಆ ವಯಸ್ಸಿಗೆ ಇರಬೇಕಾದುದನ್ನು ಬಹಳವಾಗಿ ಮೀರಿ 9.1ಕ್ಕೆ ಏರಿದ್ದಿತು. ಮೂತ್ರಪಿಂಡಗಳು ಸರಿಯಾಗಿದ್ದುವು, ಮೆಗ್ನೀಸಿಯಂ ಸರಿಯಾಗಿದ್ದಿತು. ಎರಡು ದಿನಗಳ ಮೇಲೆ ಬಂದ ಇನ್ನೊಂದು ಪರೀಕ್ಷೆಯಲ್ಲಿ, ಪ್ಯಾರಾಥೈರಾಯ್ಡ್ ಗ್ರಂಥಿಯ ರಸ ಅವನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಮೆಯಾಗಿರುವುದು ಗೊತ್ತಾಯಿತು. ರೋಗದ ಹೆಸರು ಹೈಪೊಪ್ಯಾರಾಥೈರಾಯ್ಡಿಸಂ. ಹೆಸರು ಉದ್ದವಾದರೂ ಇದಕ್ಕೆ ಮದ್ದುಂಟು ಎಂದಳು ವೈದ್ಯೆ. ನನ್ನ ಮಗ ಆ ಮಾತನ್ನು ಎರಡು ಸಲ ಹೇಳಿಸಿಕೊಂಡನು.

ರಕ್ತದಲ್ಲಿ ಸುಣ್ಣ ಸಾಲದು, ಮಿದುಳಿನಲ್ಲಿ ಸುಣ್ಣ ಕಟ್ಟಿದೆ, ಇದೆಂತಹ ವಿಪರೀತ? ಎಂದು ನಾನು ಕೇಳಿದೆನು. ಅವಳು ಹೇಳಿದುದನ್ನೂ ಅನಂತರ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ನಮ್ಮ ದೇಹದಲ್ಲಿರುವ ಸುಣ್ಣದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬಿನಲ್ಲಿಯೂ ಹಲ್ಲಿನಲ್ಲಿಯೂ ಇರುವುದು. ಉಳಿದ ಒಂದು ಪಾಲಿನ ಮೇಲೆ ನರಗಳ ಶಾಂತಿ, ಸ್ನಾಯುಗಳ ಬಿಗಿ, ಹೃದಯದ ಬಡಿತ ಇವೆಲ್ಲ ನಿಂತಿವೆ. ಅದು ಕಡಮೆಯಾದರೆ ನರಗಳು ಅಂಕೆಯಿಲ್ಲದೆ ಮಿಡಿಯತೊಡಗುವುವು. ತುಟಿಯ ಸುತ್ತ ಇರುವೆ ಹರಿಯುವುದು, ಕೈ ಹಿಡಿದುಕೊಳ್ಳುವುದು, ಕೊನೆಗೆ ಮೈಯೆಲ್ಲ ಸೆಳೆಯುವುದು, ಇವು ಒಂದೇ ಏಣಿಯ ಮೆಟ್ಟಿಲುಗಳು. ಈ ಒಂದು ಪಾಲನ್ನು ಕಾಯುವ ಕೆಲಸ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂದೆ ಅಡಗಿರುವ ನಾಲ್ಕು ಗ್ರಂಥಿಗಳದು. ಒಂದೊಂದೂ ಅಕ್ಕಿಯ ಕಾಳಿನಷ್ಟು. ರಕ್ತದಲ್ಲಿ ಸುಣ್ಣ ಇಳಿಯಿತೆಂದರೆ ಅವು ರಸವನ್ನು ಬಿಡುವುವು. ಆ ರಸವು ಎಲುಬಿನಿಂದ ಕೊಂಚ ಸುಣ್ಣವನ್ನು ಸಾಲ ತರುವುದು. ಮೂತ್ರದಲ್ಲಿ ಪೋಲಾಗುವ ಸುಣ್ಣವನ್ನು ತಡೆಯುವುದು. ಡಿ ಜೀವಸತ್ತ್ವವನ್ನು ಮೂತ್ರಪಿಂಡದಲ್ಲಿ ಹುರಿಗೊಳಿಸಿ, ಉಂಡ ಅನ್ನದಲ್ಲಿರುವ ಸುಣ್ಣವನ್ನು ಕರುಳು ಹೀರುವಂತೆ ಮಾಡುವುದು. ಇವುಗಳ ಜೊತೆಗೆ, ಹೆಚ್ಚಾದ ರಂಜಕವನ್ನು ಮೂತ್ರದೊಡನೆ ಹೊರಕ್ಕೆ ಕಳುಹಿಸುವುದು. ಗ್ರಂಥಿಗಳು ಕೆಲಸ ನಿಲ್ಲಿಸಿದರೆ ಸುಣ್ಣ ಇಳಿಯುವುದು, ರಂಜಕ ಏರುವುದು. ಏರಿದ ರಂಜಕವು ಇದ್ದಷ್ಟು ಸುಣ್ಣವನ್ನು ಹಿಡಿದು, ಮಿದುಳಿನ ಮೆತ್ತನೆಯ ಜಾಗಗಳಲ್ಲಿ ಕೂತುಬಿಡುವುದು. ಬಚ್ಚಲುಮನೆಯ ಹಂಡೆಯನ್ನು ತೊಳೆಯುವವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವುದು ಒಂದು ದಿನದ ನೀರಿನಿಂದಲ್ಲ. ಮಿದುಳಿನಲ್ಲಿ ಆ ಪೊರೆ ಹೆಚ್ಚಾಗಿ ಕಟ್ಟುವುದು ನಡುಭಾಗದ ಬೇಸಲ್ ಗ್ಯಾಂಗ್ಲಿಯ ಎಂಬೆಡೆಯಲ್ಲಿ. ನಡಿಗೆ, ಬರವಣಿಗೆ ಮೊದಲಾದ ಚಲನೆಗಳನ್ನು ಹದದಲ್ಲಿಡುವ ಗಂಟುಗಳು ಅವು. 2012ರಲ್ಲಿ ದೆಹಲಿಯ ವೈದ್ಯರು ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ಕಾರಣ ತಿಳಿಯದೆ ಈ ಗ್ರಂಥಿಗಳು ಕೆಟ್ಟವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಮಿದುಳಿನಲ್ಲಿ ಈ ಸುಣ್ಣ ಕಂಡುಬಂದಿದ್ದಿತು. ಹಾಗಿರಲಾಗಿ, ಮಿದುಳಿನ ಎರಡು ಕಡೆಯೂ ಸುಣ್ಣವನ್ನು ಕಂಡೊಡನೆ ರಕ್ತವನ್ನು ನೋಡಬೇಕಾದುದು ಮೊದಲನೆಯ ಕೆಲಸ. ಮದ್ದಿಲ್ಲದ ಕಾಯಿಲೆಯ ಹೆಸರನ್ನು ಹೇಳುವುದಾದರೆ ಅದು ಕೊನೆಗೆ.

ಇನ್ನೊಂದು ವಿಷಯವನ್ನು ಕೇಳಿ ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆನು. ಫೆನಿಟಾಯಿನ್ ಮೊದಲಾದ ಕೆಲವು ಮೂರ್ಛೆಯ ಔಷಧಗಳು ದೇಹದಲ್ಲಿರುವ ಡಿ ಜೀವಸತ್ತ್ವವನ್ನು ಯಕೃತ್ತಿನಲ್ಲಿ ಬೇಗಬೇಗನೆ ಸವೆಯಿಸುವುವಂತೆ. ಮೊದಲೇ ಕಡಮೆಯಿದ್ದ ಸುಣ್ಣ ಇದರಿಂದ ಇನ್ನೂ ಇಳಿಯುವುದು. ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುತ್ತ ಸೊಸೆ ತಪ್ಪದೆ ಕೊಟ್ಟ ಔಷಧವೇ ಸೆಳವನ್ನು ಹೆಚ್ಚಿಸಿರಬಹುದು. ಇದನ್ನೋದಿ ಯಾರೂ ತಮ್ಮ ಮನೆಯ ಮಗುವಿನ ಔಷಧವನ್ನು ತಾವಾಗಿ ನಿಲ್ಲಿಸಕೂಡದು. ಹಾಗೆ ಒಮ್ಮೆಗೇ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ನಿಜವಾದ ಅಪಸ್ಮಾರಕ್ಕೆ ಆ ಔಷಧಗಳು ಎಷ್ಟೋ ಮನೆಗಳ ದೀಪವನ್ನು ಉಳಿಸಿವೆ. ಆದರೆ ಸೆಳವು ಬರುವ ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ ಎಷ್ಟಿವೆಯೆಂದು ಒಂದು ಸಲ ಕೇಳಿ ಬರೆಯಿಸಿಕೊಳ್ಳುವುದಕ್ಕೆ ತಂದೆತಾಯಿಗಳು ಸಂಕೋಚಪಡಬೇಕಾದುದಿಲ್ಲ.

ಈ ಗ್ರಂಥಿಗಳನ್ನು ಮೊದಲು ಕಂಡುಹಿಡಿದದ್ದು ಮನುಷ್ಯನಲ್ಲಲ್ಲವೆಂಬುದು ನನಗೆ ಬಹು ಸ್ವಾರಸ್ಯವಾಗಿ ತೋರಿತು. ಲಂಡನ್ನಿನ ಮೃಗಶಾಲೆಗೆ ನಮ್ಮ ದೇಶದ ಖಡ್ಗಮೃಗವೊಂದನ್ನು 1834ರಲ್ಲಿ ತಂದಿದ್ದರು. ಅದು 1849ರಲ್ಲಿ ಸತ್ತಾಗ ರಿಚರ್ಡ್ ಓವೆನ್ ಎಂಬ ಶರೀರಶಾಸ್ತ್ರಜ್ಞನು ಅದನ್ನು ಕೊಯ್ದು ಪರೀಕ್ಷಿಸಿದನು. ಅಷ್ಟು ದೊಡ್ಡ ಪ್ರಾಣಿಯ ಕುತ್ತಿಗೆಯಲ್ಲಿ, ಥೈರಾಯ್ಡಿಗೆ ಅಂಟಿಕೊಂಡಿದ್ದ ಹಳದಿಯ ಸಣ್ಣ ಗಂಟೊಂದು ಅವನ ಕಣ್ಣಿಗೆ ಬಿದ್ದಿತು. ಮನುಷ್ಯರಲ್ಲಿಯೂ ಇವುಗಳಿವೆಯೆಂದು ಸ್ವೀಡನ್ ದೇಶದ ಉಪ್ಸಾಲದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಈವಾರ್ ಸ್ಯಾಂಡ್‌ಸ್ಟ್ರೋಮ್ ಎಂಬಾತನು 1880ರಲ್ಲಿ ಬರೆದನು, ಹೆಸರಿಟ್ಟವನೂ ಅವನೇ. ಅವನ ಬರಹವನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ. ಇವುಗಳನ್ನು ಕಳೆದುಕೊಂಡ ಪ್ರಾಣಿಗೆ ಬರುವ ಸೆಳವು ಕ್ಯಾಲ್ಸಿಯಂ ಕೊಟ್ಟರೆ ನಿಲ್ಲುವುದೆಂದು ಅಮೆರಿಕದಲ್ಲಿ ಮ್ಯಾಕಲಮ್ ಮತ್ತು ಫೋಕ್ಟ್ಲಿನ್ ಎಂಬಿಬ್ಬರು ತೋರಿಸಿಕೊಟ್ಟದ್ದು 1909ರಲ್ಲಿ. ನಮ್ಮ ಹುಡುಗನಿಗೆ ಕೊಟ್ಟ ಔಷಧದ ತತ್ತ್ವ ಗೊತ್ತಾಗಿ ಅಷ್ಟರಲ್ಲಿಯೇ ನೂರಹತ್ತು ವರ್ಷಗಳಾಗಿದ್ದುವು.

ಮೊದಲು ಅವನಿಗೆ ಕ್ಯಾಲ್ಸಿಯಂ ಗ್ಲೂಕೊನೇಟನ್ನು ರಕ್ತನಾಳದೊಳಕ್ಕೆ ಕೊಟ್ಟರು. ವೇಗವಾಗಿ ಕೊಟ್ಟರೆ ಹೃದಯ ತಡವರಿಸುವುದಾದ್ದರಿಂದ, ಎದೆಗೆ ತಂತಿಗಳನ್ನಂಟಿಸಿ ಬಡಿತವನ್ನು ನೋಡುತ್ತ ಬಹು ಮೆಲ್ಲನೆ ಕೊಟ್ಟರು. ನಾಳದಿಂದ ಹೊರಕ್ಕೆ ಸೋರಿದರೆ ಚರ್ಮ ಸುಡುವುದೆಂದು ದಾದಿಯೊಬ್ಬಳು ಸೂಜಿಯ ಮೇಲಿನ ಕಣ್ಣನ್ನು ತೆಗೆಯಲಿಲ್ಲ. ಮರುದಿನ ಬೆಳಗ್ಗೆ ಅವನು, "ಬಾಯಿಯ ಸುತ್ತ ಇರುವೆ ಇಲ್ಲ" ಎಂದು ತಾಯಿಗೆ ಹೇಳಿದನು. ಮೂರು ವರ್ಷಗಳಿಂದಲೂ ಇದ್ದಿತೆಂದು ತೋರುತ್ತದೆ. ಎಲ್ಲರಿಗೂ ಹಾಗೆಯೇ ಇರುವುದೆಂದು ತಿಳಿದು ಹೇಳುವುದನ್ನೇ ಬಿಟ್ಟಿದ್ದನಂತೆ.

ಅನಂತರ ಮಾತ್ರೆಗಳು. ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆಯಲ್ಲಿಯೇ ನುಂಗಬೇಕು. ಅನ್ನದಲ್ಲಿರುವ ರಂಜಕವನ್ನು ಅದು ಹೊಟ್ಟೆಯಲ್ಲಿಯೇ ಕಟ್ಟಿಹಾಕುವುದು. ಅದರೊಡನೆ ಕ್ಯಾಲ್ಸಿಟ್ರಿಯಾಲ್, ಎಂದರೆ ಮೂತ್ರಪಿಂಡದಲ್ಲಿ ಹುರಿಗೊಳ್ಳಬೇಕಾದ ಡಿ ಜೀವಸತ್ತ್ವವನ್ನು ಮೊದಲೇ ಹುರಿಗೊಳಿಸಿ ಮಾಡಿದ ಗುಳಿಗೆ. ನಮ್ಮ ಊರಿಗೆ ಬಂದ ಮೇಲೆ ಸುದ್ದಿ ಕೇಳಿ ನೋಡಲು ಬಂದವರೆಲ್ಲರ ಹತ್ತಿರವೂ ಒಂದೊಂದು ಸಲಹೆ ಇದ್ದಿತು. ಸುಣ್ಣ ಸಾಲದೆಂದರೆ ರಾಗಿಯ ಅಂಬಲಿ ಕೊಡಿ, ದಿನಕ್ಕೆ ಒಂದು ಸೇರು ಹಾಲು ಕೊಡಿ ಎಂದರು. ನನ್ನ ಮನೆಯಾಕೆ ನನ್ನ ಎಲೆಯಡಿಕೆಯ ತಟ್ಟೆಯಲ್ಲಿದ್ದ ಸುಣ್ಣದ ಡಬ್ಬಿಯನ್ನು ನೋಡಿ, ಎಳ್ಳಿನಷ್ಟನ್ನು ಮೊಸರಿನಲ್ಲಿ ಕಲಸಿ ಕೊಟ್ಟರೆ ಸಾಲದೆ ಎಂದು ಕೇಳಿದಳು. ಸಾಲದು. ರಸವಿಲ್ಲದೆ, ಹುರಿಗೊಂಡ ಜೀವಸತ್ತ್ವವಿಲ್ಲದೆ ಕರುಳು ಸುಣ್ಣವನ್ನು ಬೇಕಾದಷ್ಟು ಹೀರಲಾರದು. ಹಾಲಿನಲ್ಲಿ ಸುಣ್ಣವಿರುವಷ್ಟೇ ರಂಜಕವೂ ತುಂಬಿರುವುದರಿಂದ ಇವನಿಗೆ ಅದನ್ನು ಸುರಿಯುವುದೂ ಸರಿಯಲ್ಲ. ಬೆಳೆಯುವ ಹುಡುಗನಿಗೆ ಹಾಲು ಹೆಚ್ಚಾಗಿ ಬೇಡವೆಂದು ಅಜ್ಜಿಯರನ್ನು ಒಪ್ಪಿಸುವುದು ಯಾವ ವೈದ್ಯರಿಂದಲೂ ಆಗದ ಕೆಲಸ. ಅಂಗಡಿಯಲ್ಲಿ ದೊರೆಯುವ ಕಪ್ಪು ಬಣ್ಣದ ಪಾನೀಯಗಳಲ್ಲಿ ರಂಜಕದ ಆಮ್ಲವಿರುವುದಾಗಿ ಹೇಳಿ ಅವನ್ನು ನಿಲ್ಲಿಸಿದ್ದು ಸುಲಭವಾಯಿತು.

ಸೆಳವು? 2019ರ ನವೆಂಬರ್ ತಿಂಗಳಿಂದ ಈಚೆಗೆ ಒಮ್ಮೆಯೂ ಬಂದಿಲ್ಲ. ಮೂರ್ಛೆಯ ಔಷಧವನ್ನು ವೈದ್ಯರೇ ತಿಂಗಳುಗಳ ಮೇಲೆ ಸ್ವಲ್ಪಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು.

ಹಾಗೆಂದು ಎಲ್ಲವೂ ಹಸನಾಯಿತೆಂದು ಹೇಳಿದರೆ ಓದುವವರಿಗೆ ಮೋಸಮಾಡಿದಂತಾಗುವುದು. ಕಟ್ಟಿದ ಸುಣ್ಣ ಕರಗಲಿಲ್ಲ. 2023ರಲ್ಲಿ ಮತ್ತೊಮ್ಮೆ ತೆಗೆದ ಚಿತ್ರದಲ್ಲಿ ಆ ಎರಡು ಕಲೆಗಳು ಹಾಗೆಯೇ ಇದ್ದುವು, ಬೆಳೆದಿಲ್ಲವೆಂಬುದೇ ಸಂತೋಷವೆಂದರು. ಹತ್ತು ವರ್ಷ ತುಂಬುವ ಮುಂಚೆಯೇ ಅವನ ಕಣ್ಣುಗಳಲ್ಲಿ ಪೊರೆಯ ಮೊದಲ ಗುರುತು ಕಂಡಿದ್ದಿತು. ಮುದುಕನಾದ ನನಗೂ ಅವನಿಗೂ ಒಂದೇ ದಿನ ಕಣ್ಣಿನ ಪರೀಕ್ಷೆಯಾಗುವುದುಂಟು. ಬರವಣಿಗೆ ಈಗಲೂ ನಿಧಾನ. ಲೆಕ್ಕವನ್ನು ಮನಸ್ಸಿನಲ್ಲಿ ಮಾಡಿ ಉತ್ತರವನ್ನು ಮಾತ್ರ ಬರೆಯುವನು. ಅದಕ್ಕೆ ಅಂಕಗಳು ಹೋಗುವುವು. ಶಾಲೆಯಿಂದ ದೂರವಿದ್ದ ಒಂದೂವರೆ ವರ್ಷವನ್ನು ಯಾವ ಮಾತ್ರೆಯೂ ತಂದುಕೊಡಲಿಲ್ಲ.

ಈ ಚಿಕಿತ್ಸೆ ತಕ್ಕಡಿಯನ್ನು ಹಿಡಿದು ನಡೆಯುವಂತಹುದು. ಮೂತ್ರದಲ್ಲಿ ಸುಣ್ಣ ಹೋಗದಂತೆ ತಡೆಯುವ ರಸ ಇವನಲ್ಲಿಲ್ಲ. ರಕ್ತದ ಸುಣ್ಣವನ್ನು ಇತರರಂತೆ ಪೂರ್ತಿಯಾಗಿ ಏರಿಸಹೋದರೆ ಅದು ಮೂತ್ರಪಿಂಡದಲ್ಲಿ ಕಟ್ಟತೊಡಗುವುದು. ಆದ್ದರಿಂದ ಕೆಳಗಣ ಗೆರೆಯ ಆಸುಪಾಸಿನಲ್ಲಿಯೇ ನಿಲ್ಲಿಸುವರು. 2021ರ ಬೇಸಗೆಯಲ್ಲಿ ಒಂದು ದಿನ ಕೈ ಜೋಮು ಹಿಡಿಯಿತೆಂದನು. ನಾವು ಹೆದರಿ, ಯಾರನ್ನೂ ಕೇಳದೆ ಗುಳಿಗೆಗಳನ್ನು ಎರಡರಷ್ಟು ಮಾಡಿದೆವು. ಮೂರು ವಾರ ಕಳೆಯುವಷ್ಟರಲ್ಲಿ ಕೊಡಗಟ್ಟಲೆ ನೀರು ಕುಡಿಯತೊಡಗಿದನು, ಊಟ ಸೇರದಾಯಿತು. ಪರೀಕ್ಷೆಮಾಡಿಸಿದರೆ ಸುಣ್ಣ ಹನ್ನೆರಡನ್ನು ದಾಟಿದ್ದಿತು! ದೂರವಾಣಿಯಲ್ಲಿ ವೈದ್ಯೆ ನನಗೆ ಹೇಳಿದ ಮಾತುಗಳನ್ನು ನಾನು ನನ್ನ ವಿದ್ಯಾರ್ಥಿಗಳಿಗೂ ಹೇಳಿದವನಲ್ಲ. ಅದರ ಮುಂದಿನ ವರ್ಷ ಮದುವೆಯ ಮನೆಯೊಂದರಲ್ಲಿ ಉಂಡು ವಾಂತಿಯಾಗಿ, ಮಾತ್ರೆ ಹೊಟ್ಟೆಯಲ್ಲಿ ನಿಲ್ಲದೆ, ರಾತ್ರಿ ಎರಡೂ ಕೈಗಳು ಹಿಡಿದುಕೊಂಡುವು. ಆಗ ಸುಮ್ಮನೆ ಹತ್ತಿರದ ಆಸ್ಪತ್ರೆಗೆ ಓಡಿದೆವು. ಅವನ ಅಂಗಿಯ ಜೇಬಿನಲ್ಲಿ ರೋಗದ ಹೆಸರನ್ನೂ ಮಾಡಬೇಕಾದುದನ್ನೂ ಬರೆದ ಚೀಟಿಯೊಂದು ಯಾವಾಗಲೂ ಇರುತ್ತದೆ. ಅಲ್ಲಿದ್ದ ವೈದ್ಯರು ಅದನ್ನೋದಿ ತಡಮಾಡದೆ ಕ್ಯಾಲ್ಸಿಯಂ ಕೊಟ್ಟರು.

ಇವನಿಗೇಕೆ ಬಂದಿತೆಂಬುದು ಗೊತ್ತಾಗಿಲ್ಲ. ಹುಟ್ಟುವಾಗಲೇ ಗ್ರಂಥಿಗಳು ಬೆಳೆಯದಿರುವುದುಂಟು; ದೇಹವೇ ತನ್ನ ಗ್ರಂಥಿಗಳನ್ನು ಶತ್ರುವೆಂದು ಭ್ರಮಿಸಿ ಕೆಡಿಸುವುದುಂಟು; ದೊಡ್ಡವರಲ್ಲಿ ಥೈರಾಯ್ಡಿನ ಶಸ್ತ್ರಚಿಕಿತ್ಸೆಯಾದಾಗ ಇವು ಪೆಟ್ಟು ತಿನ್ನುವುದುಂಟು. ವಂಶವಾಹಿಗಳ ಪರೀಕ್ಷೆಯನ್ನೂ ಮಾಡಿಸಿದೆವು, ಏನೂ ಸಿಕ್ಕಲಿಲ್ಲ. ನನ್ನ ಮಗನೂ ಸೊಸೆಯೂ ಸೋದರಸಂಬಂಧಿಗಳು. ಆ ಮದುವೆಯನ್ನು ನಿಂತು ಮಾಡಿಸಿದವನು ನಾನು. ಕೆಲವು ಬಗೆಗಳು ಹತ್ತಿರದ ಸಂಬಂಧದಲ್ಲಿ ಹೆಚ್ಚಾಗಿ ಬರುವುವೆಂದು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸೊಸೆಗೆ ಈ ಮಾತನ್ನು ತೆಗೆದಾಗ ಅವಳು, "ಬಿಡಿ ಮಾವ, ಅವನಿಗೆ ರಾತ್ರಿಯ ಗುಳಿಗೆ ಕೊಟ್ಟಿರಾ?" ಎಂದಳು.

ಊಟಕ್ಕೆ ಕುಳಿತಾಗ ಹುಡುಗನ ಮಾತ್ರೆ ಅವನ ತಟ್ಟೆಯ ಬಲಗಡೆ ಉಪ್ಪಿನಕಾಯಿಯ ಪಕ್ಕದಲ್ಲಿರುವುದು. ಊಟವಾದ ಮೇಲೆ ನಾನು ಎಲೆಗೆ ಸುಣ್ಣ ಸವರುವಾಗ, "ತಾತ, ನಿನ್ನದೂ ಆಯಿತೆ?" ಎಂದು ಕೇಳುವುದು ಅವನ ವಾಡಿಕೆ.

ಕಳೆದ ಯುಗಾದಿಗೆ ಮನೆಯನ್ನು ಗುಡಿಸುವಾಗ ಅಟ್ಟದ ಮೇಲಿಂದ ಹಳೆಯ ಕಾಪಿಪುಸ್ತಕಗಳ ಕಟ್ಟು ಕೆಳಕ್ಕೆ ಬಂದಿತು. 2016ರ ಪುಸ್ತಕವನ್ನು ತೆರೆದೆನು. ಪ್ರತಿ ಪುಟದಲ್ಲಿಯೂ ನಾಲ್ಕು ಸಾಲು ದುಂಡಗೆ, ಆಮೇಲೆ ಓಲಾಟ, ಕೆಳಗೆ ನನ್ನ ಕೆಂಪು ಶಾಯಿಯಲ್ಲಿ "ಸೋಮಾರಿತನ" ಎಂಬ ಒಂದೇ ಪದ. ಅವನು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದನು. ಹೇಳಬೇಕೆಂದು ಬಹು ದಿನಗಳಿಂದ ಇದ್ದುದನ್ನು ಆಗ ಹೇಳಿದೆನು; ಅಡಿಪಟ್ಟಿಯ ವಿಷಯವನ್ನೂ ಹೇಳಿದೆನು.

"ಹೊಡೆದದ್ದು ನನಗೆ ನೆನಪಿಲ್ಲ, ತಾತ" ಎಂದನು. ಸ್ವಲ್ಪ ಹೊತ್ತು ಯೋಚ್ನೆಮಾಡಿ, "ಬೀಗದಕೈ ನೆನಪಿದೆ. ಕೈ ಹಿಡ್ಕೊಂಡಾಗಲೆಲ್ಲ ಅಮ್ಮ ಗೊಂಚಲು ತಂದು ಒಳಗೆ ತುರುಕುತ್ತಿದ್ದಳಲ್ಲ, ಬೆರಳು ಬಿಡಿಸಿ ಬಿಡಿಸಿ, ಆಗ ತುಂಬ ನೋಯುತ್ತಿತ್ತು. ನನಗೆ ಎಚ್ಚರ ಇರುತ್ತಿತ್ತು, ಹೇಳೋಕೆ ಆಗ್ತಿರಲಿಲ್ಲ" ಎಂದನು.

ಗೊಂಚಲು ಈಗಲೂ ಅಡಿಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿದೆ; ಉಗ್ರಾಣದ ಬೀಗದಕೈ ಅದರಲ್ಲಿರುವುದರಿಂದ ತೆಗೆದಿಡುವಂತಿಲ್ಲ. ಪುಸ್ತಕವನ್ನು ಅವನು ತನ್ನ ಮೇಜಿನ ಮೇಲಕ್ಕೆ ತೆಗೆದುಕೊಂಡು ಹೋದನು.